ಲೆಕ್ಕದ ಯಂತ್ರಕ್ಕೆ ಲೆಕ್ಕ ಕಲಿಸುವ ಬಗೆ



ಗಣಿತದ ತರಗತಿಗಳಲ್ಲಿ ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಪ್ರಶ್ನೆಯೊಂದುಂಟು: "ಸರ್, ಮನೆಮನೆಯ ಮೊಬೈಲಿನಲ್ಲಿಯೂ ಕ್ಯಾಲ್ಕುಲೇಟರ್ ಇರುವಾಗ ಮಗ್ಗಿಯನ್ನೂ ಭಾಗಾಕಾರವನ್ನೂ ನಾವು ಕಲಿಯುವದೇಕೆ?" ಈ ಪ್ರಶ್ನೆ ಅಸಂಬದ್ಧವಾದುದೇನಲ್ಲ. "ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರಿಗೆ ಅನುಮತಿ ಇಲ್ಲ" ಎಂಬ ಉತ್ತರದಿಂದ ಬಾಯಿ ಮುಚ್ಚಿಸಿದಂತಾಗುವದೇ ಹೊರತು ಮನಸ್ಸಿಗೆ ಸಮಾಧಾನವಾಗಲಾರದು. ಸರಿಯಾದ ಉತ್ತರವನ್ನು ಪಡೆಯಬೇಕಾದರೆ ಆ ಕ್ಯಾಲ್ಕುಲೇಟರ್ ಹೇಗೆ ರಚಿತವಾಗುತ್ತದೆ ಎಂಬುದನ್ನು ಒಮ್ಮೆ ಸಾವಧಾನವಾಗಿ ಅಭ್ಯಾಸ ಮಾಡಬೇಕು. ಅಂತರ್ಜಾಲದ ಒಂದು ಪುಟದಲ್ಲಿ ನಡೆಯುವ, ಕೂಡಿಸಿ ಕಳೆದು ಗುಣಿಸಿ ಭಾಗಿಸುವ, ಅತ್ಯಂತ ಸರಳವಾದ ಕ್ಯಾಲ್ಕುಲೇಟರನ್ನು ತಂತ್ರಾಂಶಕಾರನೊಬ್ಬನು ಹೇಗೆ ಕಟ್ಟುತ್ತಾನೆ, ಕಟ್ಟುವಾಗ ಅವನಿಗೆ ಏನೇನು ತಿಳಿದಿರಬೇಕು ಎಂಬುದೇ ಈ ಪಾಠದ ವಿಷಯ.

ಮೊದಲಿಗೆ ಒಂದು ಮಾತನ್ನು ಲಕ್ಷ್ಯದಲ್ಲಿಡಿರಿ. ಯಂತ್ರವೆಂಬುದು ಒಬ್ಬ ವಿಚಿತ್ರ ವಿದ್ಯಾರ್ಥಿ. ಅದಕ್ಕೆ ಬೇಸರವಿಲ್ಲ, ಮರೆವಿಲ್ಲ, ಅದರ ವೇಗಕ್ಕೆ ಎಣೆಯಿಲ್ಲ. ಆದರೆ ಅದಕ್ಕೆ ತನ್ನದೆಂಬ ತಿಳಿವಳಿಕೆ ಎಳ್ಳಷ್ಟೂ ಇಲ್ಲ. ಕಲಿಸಿದ್ದನ್ನು ಕಲಿಸಿದಂತೆಯೇ ಮಾಡುವದು. ಕಲಿಸದೆ ಬಿಟ್ಟುದನ್ನು ಊಹಿಸಿಕೊಳ್ಳಲಾರದು. ಆದುದರಿಂದ ಕ್ಯಾಲ್ಕುಲೇಟರನ್ನು ರಚಿಸುವದೆಂದರೆ ಇಂಥ ವಿದ್ಯಾರ್ಥಿಗೆ ಅಂಕಗಣಿತವನ್ನು ಮೊದಲಿನಿಂದ ಕಡೆಯವರೆಗೆ ಬೋಧಿಸುವದು ಎಂದೇ ಅರ್ಥ.

೧. ಪೂರ್ವವೃತ್ತಾಂತ

ಲೆಕ್ಕ ಮಾಡುವ ಯಂತ್ರದ ಆಸೆ ಮನುಷ್ಯನಿಗೆ ಹೊಸದಲ್ಲ. ಫ್ರಾನ್ಸಿನ ಬ್ಲೇಸ್ ಪಾಸ್ಕಲನು ೧೬೪೨ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹಲ್ಲುಚಕ್ರಗಳಿಂದ ಕೂಡಿಸುವ ಯಂತ್ರವೊಂದನ್ನು ರಚಿಸತೊಡಗಿದನು. ರುವಾನ್ ಪಟ್ಟಣದಲ್ಲಿ ಕರವಸೂಲಿಯ ಅಧಿಕಾರದಲ್ಲಿದ್ದ ತಂದೆಯ ದುಡಿತವನ್ನು ಹಗುರಗೊಳಿಸುವದು ಅವನ ಉದ್ದೇಶವಾಗಿತ್ತು. ಜರ್ಮನಿಯ ಲೈಬ್ನಿಟ್ಸನು ಗುಣಾಕಾರವನ್ನೂ ಮಾಡಬಲ್ಲ ಯಂತ್ರದ ಮಾದರಿಯನ್ನು ೧೬೭೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ತೋರಿಸಿದನು. ಅಲ್ಲಿಂದ ಸುಮಾರು ಮುನ್ನೂರು ವರ್ಷಗಳ ತರುವಾಯ ಜಪಾನಿನ ಬಿಸಿಕಾಂ ಎಂಬ ಕಂಪನಿಯು ತನ್ನ ಕ್ಯಾಲ್ಕುಲೇಟರಿಗೆ ಬೇಕಾದ ವಿದ್ಯುನ್ಮಾನ ಭಾಗಗಳನ್ನು ಅಮೇರಿಕೆಯ ಇಂಟೆಲ್ ಕಂಪನಿಯಿಂದ ಮಾಡಿಸಿತು. ಅದರ ಫಲವಾಗಿ ೧೯೭೧ರಲ್ಲಿ ಸುಮಾರು ೨,೩೦೦ ಟ್ರಾನ್ಸಿಸ್ಟರುಗಳುಳ್ಳ ೪೦೦೪ ಎಂಬ ಹೆಸರಿನ ಪ್ರೊಸೆಸರ್ ಮಾರುಕಟ್ಟೆಗೆ ಬಂದಿತು. ಇಂದು ಜಗತ್ತನ್ನೇ ಆಳುತ್ತಿರುವ ಚಿಕ್ಕ ಚಿಪ್ಪುಗಳ ವಂಶಕ್ಕೆ ಮೂಲಪುರುಷನು ಹುಟ್ಟಿದ್ದು ಹೀಗೆ ಒಂದು ಕ್ಯಾಲ್ಕುಲೇಟರಿನ ಸಲುವಾಗಿ ಎಂಬುದು ನೆನಪಿಡತಕ್ಕ ಸಂಗತಿ.

ಇನ್ನು ಅಂತರ್ಜಾಲದ ಪುಟಗಳ ಮಾತು. ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ೧೯೮೯ರಲ್ಲಿ ಇಂಥ ಜಾಲದ ಯೋಜನೆಯನ್ನು ಮುಂದಿಟ್ಟರು. ಮೊದಲಮೊದಲು ಈ ಪುಟಗಳು ಓದುವದಕ್ಕೆ ಮಾತ್ರ ಉಪಯೋಗವಾಗುತ್ತಿದ್ದವು. ೧೯೯೫ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರು. ಅಂದಿನಿಂದ ಪುಟವು ಓದುಗನ ಪ್ರಶ್ನೆಗೆ ತಾನೇ ಉತ್ತರ ಕೊಡುವಂತಾಯಿತು. ನಮ್ಮ ಕ್ಯಾಲ್ಕುಲೇಟರ್ ಬದುಕುವದು ಈ ಭಾಷೆಯ ಬಲದಿಂದಲೇ.

೨. ಮೂರು ಅಂಗಗಳು

ಜಾಲಪುಟವೊಂದಕ್ಕೆ ಮೂರು ಅಂಗಗಳಿರುತ್ತವೆ. ಎಚ್.ಟಿ.ಎಮ್.ಎಲ್. ಎಂಬುದು ಅದರ ಎಲುಬುಗೂಡು: ಇಲ್ಲೊಂದು ತೋರುಪಟ್ಟಿ, ಇಲ್ಲಿ ಹತ್ತು ಅಂಕೆಗಳ ಗುಂಡಿಗಳು, ಇಲ್ಲಿ ನಾಲ್ಕು ಚಿಹ್ನೆಗಳು, ಇಲ್ಲಿ 'ಸಮ' ಚಿಹ್ನೆ, ಇಲ್ಲಿ ಅಳಿಸುವ ಗುಂಡಿ ಎಂದು ಅದು ಹೇಳುವದು. ಸಿ.ಎಸ್.ಎಸ್. ಎಂಬುದು ಉಡುಗೆ: ಗುಂಡಿಯ ಅಳತೆ, ಬಣ್ಣ, ಸಾಲುಗಳ ನಡುವಿನ ತೆರಪು ಇವೆಲ್ಲ ಅದರ ಪಾಲಿನ ಕೆಲಸ. ಮೂರನೆಯದಾದ ಜಾವಾಸ್ಕ್ರಿಪ್ಟ್ ಬುದ್ಧಿಯ ಸ್ಥಾನದಲ್ಲಿರುವದು: ಯಾವ ಗುಂಡಿಯನ್ನು ಒತ್ತಿದಾಗ ಏನಾಗತಕ್ಕದ್ದು ಎಂಬುದನ್ನು ಅದು ನಿರ್ಣಯಿಸುವದು. ಪುಟವು ಒಮ್ಮೆ ನಮ್ಮ ಮೊಬೈಲಿಗೆ ಬಂದು ತಲುಪಿದ ಬಳಿಕ ಇಂಥ ಲೆಕ್ಕವೆಲ್ಲ ನಮ್ಮ ಮೊಬೈಲಿನಲ್ಲಿಯೇ ನಡೆಯಬಲ್ಲುದು. ಪ್ರತಿಯೊಂದು ಕೂಡಿಕೆಗೂ ದೂರದ ಗಣಕವನ್ನು ಕೇಳಬೇಕಾಗಿಲ್ಲ.

ಉಡುಗೆಯನ್ನು ಹಗುರಾಗಿ ಕಾಣಬಾರದು. ೧೯೮೨ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಶ್ ತಂಡದಲ್ಲಿದ್ದ ಕ್ರಿಸ್ ಎಸ್ಪಿನೋಸಾ ಎಂಬ ತರುಣರು ಒಂದು ಕ್ಯಾಲ್ಕುಲೇಟರನ್ನು ಚಿತ್ರಿಸಿದರು. ಸ್ಟೀವ್ ಜಾಬ್ಸ್ ಅವರು ಅದರಲ್ಲಿ ದಿನಕ್ಕೊಂದು ಕೊರತೆಯನ್ನು ತೋರಿಸಿದರು: ಗೆರೆ ದಪ್ಪವಾಯಿತು, ಗುಂಡಿ ದೊಡ್ಡದಾಯಿತು, ಹಿನ್ನೆಲೆ ಕಪ್ಪಾಯಿತು. ಎಸ್ಪಿನೋಸಾ ಬೇಸರಗೊಳ್ಳದೆ ಒಂದು ಉಪಾಯ ಹೂಡಿದರು. ಗೆರೆಯ ದಪ್ಪ, ಗುಂಡಿಯ ಅಳತೆ, ಹಿನ್ನೆಲೆಯ ವಿನ್ಯಾಸ ಮೊದಲಾದವನ್ನು ನೋಡುವವನೇ ಬದಲಿಸಿಕೊಳ್ಳಬಹುದಾದ ಒಂದು ಪ್ರೋಗ್ರಾಮನ್ನು ಬರೆದು, ಜಾಬ್ಸ್ ಅವರ ಮುಂದೆ ಇಟ್ಟರು. ಜಾಬ್ಸ್ ಸುಮಾರು ಹತ್ತು ನಿಮಿಷಗಳಲ್ಲಿ ತಮಗೆ ಒಪ್ಪುವ ರೂಪವನ್ನು ಆರಿಸಿದರು. ಅದೇ ರೂಪವು ಮ್ಯಾಕಿಂಟಾಶಿನಲ್ಲಿ ೧೯೮೪ರಿಂದ ಹದಿನಾರು ವರ್ಷಗಳಿಗೂ ಮೇಲ್ಪಟ್ಟು ಉಳಿದು ಬಂದಿತು.

ಆದರೆ ರೂಪ ಒಪ್ಪಿಗೆಯಾದ ಮಾತ್ರಕ್ಕೆ ಲೆಕ್ಕ ಸರಿಯಾಗುವದಿಲ್ಲ. ನಮ್ಮ ವಿಚಿತ್ರ ವಿದ್ಯಾರ್ಥಿಯ ಪಾಠ ಇನ್ನು ಮೇಲೆ ಆರಂಭವಾಗುವದು.

೩. ಅಕ್ಷರವೋ ಸಂಖ್ಯೆಯೋ?

ತೋರುಪಟ್ಟಿಯಲ್ಲಿ ೧೨ ಎಂದು ಕಾಣುತ್ತಿದ್ದರೆ ನಾವು ಅದನ್ನು 'ಹನ್ನೆರಡು' ಎಂದು ಓದುತ್ತೇವೆ. ಯಂತ್ರಕ್ಕಾದರೋ ಅದು 'ಒಂದು' ಎಂಬ ಗುರುತು, ಅದರ ಪಕ್ಕದಲ್ಲಿ 'ಎರಡು' ಎಂಬ ಗುರುತು; 'ಅಆ' ಎಂಬ ಬರವಣಿಗೆಗೂ ಇದಕ್ಕೂ ಭೇದವಿಲ್ಲ. ಜಾವಾಸ್ಕ್ರಿಪ್ಟಿನಲ್ಲಿ ಕೂಡಿಸುವ ಚಿಹ್ನೆಗೆ ಎರಡು ಅರ್ಥಗಳುಂಟು. ಸಂಖ್ಯೆಗಳ ನಡುವೆ ಬಂದರೆ ಕೂಡಿಸುವದು. ಬರಹಗಳ ನಡುವೆ ಬಂದರೆ ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುವದು. ಆದುದರಿಂದ ಎರಡು ಚೌಕಗಳಲ್ಲಿ ತುಂಬಿದ ೧೨ನ್ನೂ ೩೦ನ್ನೂ ಹಾಗೆಯೇ ಕೂಡಿಸಹೋದರೆ ೪೨ರ ಬದಲು ೧೨೩೦ ಎಂಬ ಉತ್ತರ ಬರುವದು! ಈ ಕೆಲಸವನ್ನು ಕಲಿಯುವವರು ಸಾಮಾನ್ಯವಾಗಿ ಮೊದಲು ಎಡವುವ ಕಲ್ಲು ಇದೇ. ಕೂಡಿಸುವದಕ್ಕಿಂತ ಮೊದಲು 'ಈ ಬರಹವನ್ನು ಸಂಖ್ಯೆಯಾಗಿ ತಿಳಿ' ಎಂದು ಯಂತ್ರಕ್ಕೆ ಸ್ಪಷ್ಟವಾಗಿ ಆಜ್ಞಾಪಿಸಬೇಕು.

ನೆನಪಿನ ವಿಷಯವೂ ಹಾಗೆಯೇ. ೨೫ + ೭ ಎಂದು ಒತ್ತುವಾಗ ೨ ಆದ ಮೇಲೆ ಬರುವ ೫ ಅದೇ ಸಂಖ್ಯೆಯ ಮುಂದಿನ ಅಂಕೆ; ಕೂಡಿಸುವ ಚಿಹ್ನೆಯ ತರುವಾಯ ಬರುವ ೭ ಹೊಸ ಸಂಖ್ಯೆಯ ಮೊದಲನೆಯ ಅಂಕೆ. ನಮಗೆ ಇದು ಹೇಳಿಕೊಡದೆಯೇ ತಿಳಿಯುವದು. ಯಂತ್ರಕ್ಕಾಗಿ ತಂತ್ರಾಂಶಕಾರನು ನಾಲ್ಕು ನೆನಪಿನ ಪೆಟ್ಟಿಗೆಗಳನ್ನು ಮಾಡಿಡುತ್ತಾನೆ: ಹಿಂದಿನ ಸಂಖ್ಯೆ, ಕಾದು ನಿಂತ ಚಿಹ್ನೆ, ಈಗಿನ ಸಂಖ್ಯೆ, ಮತ್ತು 'ಹೊಸ ಸಂಖ್ಯೆ ಪ್ರಾರಂಭವಾಯಿತೆ?' ಎಂಬುದಕ್ಕೆ ಹೌದು ಅಥವಾ ಅಲ್ಲ ಎಂಬ ಉತ್ತರ. ಅಳಿಸುವ ಗುಂಡಿಯನ್ನು ಒತ್ತಿದಾಗ ಈ ನಾಲ್ಕೂ ಬರಿದಾಗಬೇಕು. ಒಂದು ಉಳಿದರೂ ಮುಂದಿನ ಗಿರಾಕಿಯ ಲೆಕ್ಕದಲ್ಲಿ ಹಿಂದಿನ ಗಿರಾಕಿಯ ಬಾಕಿ ಸೇರಿಕೊಳ್ಳುವದು.

೪. ಯಾವದು ಮೊದಲು?

೨ + ೩ × ೪ ಎಷ್ಟು? ನೀವು ೧೪ ಎಂದು ಹೇಳುವಿರಿ. ಗುಣಾಕಾರ ಮೊದಲು, ಸಂಕಲನ ಅನಂತರ ಎಂದು ಕಲಿತಿದ್ದೀರಿ. ಆದರೆ ಅಂಗಡಿಗಳಲ್ಲಿರುವ ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ ಇದೇ ಗುಂಡಿಗಳನ್ನು ಇದೇ ಕ್ರಮದಿಂದ ಒತ್ತಿದರೆ ೨೦ ಬರುವದುಂಟು. ಅದು ಬಂದದ್ದನ್ನು ಬಂದಂತೆ ಮಾಡಿ ಮುಗಿಸುವ ಜಾತಿಯದು. ೨ಕ್ಕೆ ೩ನ್ನು ಕೂಡಿಸಿ ೫ ಮಾಡಿ, ಬಳಿಕ ೪ರಿಂದ ಗುಣಿಸಿತು. ಯಂತ್ರ ಕೆಟ್ಟಿಲ್ಲ, ಅದರ ರಚನಕಾರನು ಆ ನಿಯಮವನ್ನೇ ಆರಿಸಿಕೊಂಡಿದ್ದನು. ಇದನ್ನು ಅರಿಯದವನು ಎರಡು ಯಂತ್ರಗಳಿಂದ ಎರಡು ಉತ್ತರ ಪಡೆದು ಯಾವದನ್ನು ನಂಬಬೇಕೆಂದು ತಿಳಿಯದೆ ನಿಲ್ಲುವನು.

ಕ್ರಮವನ್ನು ಯಂತ್ರಕ್ಕೆ ಕಲಿಸುವ ಸುಂದರವಾದ ಒಂದು ವಿಧಾನವನ್ನು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು ೧೯೬೧ರಲ್ಲಿ ವಿವರಿಸಿದರು. ಅದಕ್ಕೆ ರೈಲ್ವೆಯ ಶಂಟಿಂಗ್ ಅಂಗಳದ ಹೆಸರೇ ಬಂದಿದೆ. ಸೊಲ್ಲಾಪುರದ ಕಡೆಯ ಮಕ್ಕಳಿಗೆ ಹೋಟಗಿ ಜಂಕ್ಷನ್ ಗೊತ್ತಿರುವದರಿಂದ ಇದು ಸುಲಭವಾಗಿ ತಿಳಿಯಬಹುದು. ಮುಖ್ಯ ಹಳಿಯ ಪಕ್ಕದಲ್ಲಿ ಒಂದು ಕುರುಡು ಹಳಿ ಇದೆಯೆಂದು ಭಾವಿಸಿರಿ. ಅದರೊಳಗೆ ಕಡೆಗೆ ಹೋದ ಡಬ್ಬಿಯೇ ಮೊದಲು ಹೊರಗೆ ಬರತಕ್ಕದ್ದು. ಸಂಖ್ಯೆಗಳ ಡಬ್ಬಿಗಳು ನೇರವಾಗಿ ಮುಂದಕ್ಕೆ ಸಾಗುವವು. ಚಿಹ್ನೆಗಳ ಡಬ್ಬಿಗಳು ಕುರುಡು ಹಳಿಯಲ್ಲಿ ಕಾಯಬೇಕು.

ಈಗ ೨ ಮುಂದೆ ಹೋಯಿತು. + ಬಂದು ಪಕ್ಕದ ಹಳಿಯಲ್ಲಿ ನಿಂತಿತು. ೩ ಮುಂದೆ ಹೋಯಿತು. × ಬಂದಿತು, ಅದು + ಗಿಂತ ಬಲಶಾಲಿಯಾದುದರಿಂದ + ಅಲ್ಲಿಯೇ ಇರಲು, ಅದರ ಈಚೆಗೆ ತಾನೂ ನಿಂತಿತು. ೪ ಮುಂದೆ ಹೋಯಿತು. ಡಬ್ಬಿಗಳು ಮುಗಿದವು. ಈಗ ಪಕ್ಕದ ಹಳಿಯಿಂದ ಮೊದಲು ×, ಆಮೇಲೆ + ಹೊರಬರುವವು. ಸಾಲು ಹೀಗಾಯಿತು: ೨ ೩ ೪ × +. ಈ ಸಾಲನ್ನು ಎಡದಿಂದ ಓದುತ್ತ, ಚಿಹ್ನೆ ಸಿಕ್ಕಾಗಲೆಲ್ಲ ಅದರ ಹಿಂದಿನ ಎರಡು ಸಂಖ್ಯೆಗಳ ಮೇಲೆ ಆ ಕ್ರಿಯೆಯನ್ನು ಮಾಡಿರಿ. ೩ × ೪ = ೧೨; ೨ + ೧೨ = ೧೪. ಹೊಸದಾಗಿ ಬಂದ ಚಿಹ್ನೆಯು ಪಕ್ಕದ ಹಳಿಯ ಬಾಯಲ್ಲಿ ನಿಂತ ಚಿಹ್ನೆಗಿಂತ ದುರ್ಬಲವಾಗಿದ್ದರೆ ಅಥವಾ ಅದಕ್ಕೆ ಸಮಬಲದ್ದಾಗಿದ್ದರೆ, ಮೊದಲು ನಿಂತದ್ದನ್ನು ಹೊರಗೆ ಕಳಿಸಿ ಬಳಿಕ ತಾನು ಒಳಗೆ ಹೋಗತಕ್ಕದ್ದು. ಇದರಿಂದಲೇ ೧೦ − ೪ − ೩ ಎಂಬುದು ೩ ಆಗುವದು, ೯ ಆಗುವದಿಲ್ಲ.

ಇಷ್ಟೆಲ್ಲ ಶ್ರಮವೇಕೆ, ಬರೆದ ಸಾಲನ್ನು ಹಾಗೆಯೇ ಜಾವಾಸ್ಕ್ರಿಪ್ಟಿಗೆ ಒಪ್ಪಿಸಿ 'ನೀನೇ ಮಾಡು' ಎನ್ನಬಾರದೆ? 'ಇವಾಲ್' ಎಂಬ ಅಂಥ ಒಂದು ಆಜ್ಞೆ ಇದ್ದೇ ಇದೆ. ಆದರೆ ಅದು ಲೆಕ್ಕವನ್ನಷ್ಟೇ ಅಲ್ಲದೆ, ಕೊಟ್ಟ ಯಾವದೇ ಬರಹವನ್ನು ಆಜ್ಞೆಯೆಂದು ತಿಳಿದು ನಡೆಸಿಬಿಡುವದು. ಅಪರಿಚಿತನು ಬರೆದ ಚೀಟಿಯನ್ನು ಓದಿ ನೋಡದೆ ಸಹಿ ಮಾಡಿದಂತೆಯೇ ಇದು ಅಪಾಯಕರ. ವಿವೇಕಿಯಾದ ರಚನಕಾರನು ಈ ಸುಲಭದ ದಾರಿಗೆ ಹೋಗುವದಿಲ್ಲ.

೫. ಶೂನ್ಯದ ಎದುರಿಗೆ

ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಏನಾಗುವದು? ನಮ್ಮ ಪೂರ್ವಿಕರು ಈ ಪ್ರಶ್ನೆಯನ್ನು ಬಿಡದೆ ವಿಚಾರಿಸಿದರು. ೬೨೮ರಲ್ಲಿ ಬ್ರಹ್ಮಗುಪ್ತನು ಶೂನ್ಯದ ಕೂಡಿಕೆ ಕಳೆಯುವಿಕೆಗಳಿಗೆ ನಿಯಮಗಳನ್ನು ಹೇಳಿ, ಶೂನ್ಯವನ್ನು ಶೂನ್ಯದಿಂದ ಭಾಗಿಸಿದರೆ ಶೂನ್ಯವೇ ಎಂದನು. ಮಾನ್ಯಖೇಟದ ರಾಷ್ಟ್ರಕೂಟ ಅರಸ ಅಮೋಘವರ್ಷನ ಆಶ್ರಯದಲ್ಲಿ ೯ನೆಯ ಶತಮಾನದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯನು, ಶೂನ್ಯದಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುವದೆಂದು ತಿಳಿದನು. ೧೨ನೆಯ ಶತಮಾನದ ಭಾಸ್ಕರಾಚಾರ್ಯನು ಅದನ್ನು 'ಖಹರ'ವೆಂದು ಕರೆದು ಅನಂತವೆಂದು ಭಾವಿಸಿದನು. ಇಂದಿನ ಶಾಲಾ ಗಣಿತವು ಆ ಭಾಗಾಕಾರಕ್ಕೆ ಅರ್ಥವೇ ಇಲ್ಲವೆಂದು ಸಾರುವದು. ಯಾವ ಸಂಖ್ಯೆಯನ್ನು ಶೂನ್ಯದಿಂದ ಗುಣಿಸಿದರೂ ೫ ಬರಲಾರದಾದುದರಿಂದ ೫ ÷ ೦ ಎಂಬುದಕ್ಕೆ ಉತ್ತರವಿಲ್ಲ. ಇಂಥ ಮಹಾಪಂಡಿತರೇ ಒಮ್ಮತಕ್ಕೆ ಬಾರದ ಸ್ಥಳದಲ್ಲಿ ಏನೂ ಅರಿಯದ ಯಂತ್ರವು ತಾನಾಗಿ ದಾರಿ ಕಂಡುಕೊಳ್ಳಬಲ್ಲುದೆ?

ಜಾವಾಸ್ಕ್ರಿಪ್ಟ್ ೫ ÷ ೦ ಎಂಬುದಕ್ಕೆ 'ಇನ್ಫಿನಿಟಿ', ಎಂದರೆ ಅನಂತ, ಎಂದು ಉತ್ತರಿಸುವದು. ೦ ÷ ೦ ಎಂಬುದಕ್ಕೆ 'ಇದು ಸಂಖ್ಯೆಯಲ್ಲ' ಎಂಬರ್ಥದ 'ನ್ಯಾನ್' ಎಂಬ ಗುರುತನ್ನು ಕೊಡುವದು. ಅದನ್ನು ಹಾಗೆಯೇ ತೋರುಪಟ್ಟಿಯಲ್ಲಿ ಬಿಟ್ಟರೆ ಬಳಸುವವನು ಗಾಬರಿಗೊಳ್ಳುವನು. ಆದುದರಿಂದ ಭಾಗಿಸುವ ಮೊದಲೇ ಭಾಜಕವು ಶೂನ್ಯವೇ ಎಂದು ಪರೀಕ್ಷಿಸಿ, 'ಶೂನ್ಯದಿಂದ ಭಾಗಿಸಲು ಬಾರದು' ಎಂದು ತಿಳಿಯುವ ಮಾತಿನಲ್ಲಿ ಹೇಳಿಸಬೇಕು.

ಈ ಒಂದು ಎಚ್ಚರ ತಪ್ಪಿದುದರಿಂದ ಏನಾಗಬಹುದೆಂಬುದಕ್ಕೆ ಉದಾಹರಣೆ ಉಂಟು. ೧೯೯೭ರ ಸೆಪ್ಟೆಂಬರಿನಲ್ಲಿ ಅಮೇರಿಕೆಯ ನೌಕಾದಳದ 'ಯಾರ್ಕ್‌ಟೌನ್' ಎಂಬ ಯುದ್ಧನೌಕೆಯ ಗಣಕದಲ್ಲಿ ಒಂದು ಸ್ಥಳದಲ್ಲಿ ಶೂನ್ಯವು ತುಂಬಲ್ಪಟ್ಟಿತು. ತಂತ್ರಾಂಶವು ಆ ಶೂನ್ಯದಿಂದ ಭಾಗಿಸಹೋಗಿ ಕುಸಿಯಿತು. ನೌಕೆಯನ್ನು ನಡೆಸುವ ವ್ಯವಸ್ಥೆ ನಿಂತು, ಅಷ್ಟು ದೊಡ್ಡ ಹಡಗು ಎರಡು ಗಂಟೆಗೂ ಹೆಚ್ಚು ಕಾಲ ನೀರಿನಲ್ಲಿ ನಿಶ್ಚಲವಾಗಿ ನಿಂತಿತು.

೬. ಹತ್ತರಲ್ಲಿ ಒಂದು ಪಾಲು

ಇನ್ನೊಂದು ಸೋಜಿಗವನ್ನು ನೋಡಿರಿ. ಜಾವಾಸ್ಕ್ರಿಪ್ಟಿಗೆ ೦.೧ + ೦.೨ ಎಷ್ಟೆಂದು ಕೇಳಿದರೆ ೦.೩೦೦೦೦೦೦೦೦೦೦೦೦೦೦೦೪ ಎನ್ನುವದು. ನಾಲ್ಕನೆಯ ಇಯತ್ತೆಯ ಬಾಲಕನೂ ಮಾಡಬಲ್ಲ ಲೆಕ್ಕದಲ್ಲಿ ಯಂತ್ರ ಎಡವಿದುದೇಕೆ?

ಒಂದು ರೂಪಾಯಿಯನ್ನು ಮೂವರಿಗೆ ಹಂಚುವಾಗ ದಶಾಂಶದಲ್ಲಿ ೦.೩೩೩೩… ಎಂದು ಮುಗಿಯದ ಸಾಲು ಬರುವದನ್ನು ನೀವು ಬಲ್ಲಿರಿ. ನಾವು ಹತ್ತರ ಗುಂಪಿನಲ್ಲಿ ಎಣಿಸುವದರಿಂದ ಮೂರನೆಯ ಒಂದು ಪಾಲು ನಮಗೆ ಮುಗಿಯುವದಿಲ್ಲ. ಯಂತ್ರವು ಎರಡರ ಗುಂಪಿನಲ್ಲಿ, ೦ ಮತ್ತು ೧ ಎಂಬ ಎರಡೇ ಅಂಕೆಗಳಿಂದ ಎಣಿಸುವದು. ಅದಕ್ಕೆ ಹತ್ತನೆಯ ಒಂದು ಪಾಲೇ ೦.೦೦೦೧೧೦೦೧೧೦೦೧೧… ಎಂದು ಮುಗಿಯದ ಸಾಲಾಗುವದು. ೧೯೮೫ರಲ್ಲಿ ಸಿದ್ಧವಾದ ಐ.ಇ.ಇ.ಇ. ೭೫೪ ಎಂಬ ಮಾನಕದ ಪ್ರಕಾರ ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗೆ ಇಂಥ ೫೩ ಅಂಕೆಗಳಷ್ಟು ಮಾತ್ರ ಸ್ಥಳವುಂಟು. ಉಳಿದ ಬಾಲವನ್ನು ಬಿಟ್ಟು ಸಮೀಪದ ಬೆಲೆಗೆ ತರಲೇಬೇಕು. ಆ ಅತಿ ಸಣ್ಣ ಕೊರತೆಗಳು ಕೂಡಿ ಕಡೆಯ ೪ ಆಗಿ ಹಣಿಕಿದವು.

ಸಣ್ಣದು ಎಂದು ಅಲಕ್ಷಿಸಬಾರದು. ೧೯೯೧ರ ಫೆಬ್ರುವರಿ ೨೫ರಂದು ಸೌದಿ ಅರೇಬಿಯದ ದಹ್ರಾನಿನಲ್ಲಿ ಪೇಟ್ರಿಯಟ್ ಎಂಬ ರಕ್ಷಣಾ ಕ್ಷಿಪಣಿಯ ಗಣಕವು ಸುಮಾರು ನೂರು ಗಂಟೆಗಳಿಂದ ಎಡೆಬಿಡದೆ ನಡೆದಿತ್ತು. ಅದು ಕಾಲವನ್ನು ಸೆಕೆಂಡಿನ ಹತ್ತನೆಯ ಪಾಲುಗಳಲ್ಲಿ ಎಣಿಸುತ್ತಿತ್ತು. ಪ್ರತಿಯೊಂದು ಪಾಲಿನ ಅತ್ಯಲ್ಪ ದೋಷವು ಕೂಡುತ್ತ ಕೂಡುತ್ತ ಒಂದು ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟಾಯಿತು. ಬರುತ್ತಿದ್ದ ಶತ್ರುಕ್ಷಿಪಣಿಯನ್ನು ಅದು ತಪ್ಪು ಸ್ಥಳದಲ್ಲಿ ಹುಡುಕಿತು; ೨೮ ಜನ ಸೈನಿಕರು ಪ್ರಾಣ ಕಳೆದುಕೊಂಡರು. ಕೆನಡಾದ ವ್ಯಾಂಕೂವರ್ ಶೇರುಪೇಟೆಯಲ್ಲಿ ೧೯೮೨ರಲ್ಲಿ ೧,೦೦೦ದಿಂದ ಪ್ರಾರಂಭವಾದ ಸೂಚ್ಯಂಕವನ್ನು ಪ್ರತಿಸಲವೂ ಮೂರು ದಶಾಂಶಗಳಿಗೆ ಕತ್ತರಿಸಿಬಿಡುತ್ತಿದ್ದರು. ೧೯೮೩ರ ನವೆಂಬರಿನ ಹೊತ್ತಿಗೆ ಅದು ೫೨೪ರ ಸುಮಾರಿಗೆ ಇಳಿಯಿತು. ಲೆಕ್ಕವನ್ನು ತಿದ್ದಿದಾಗ ಸರಿಯಾದ ಬೆಲೆ ೧,೦೯೮ರ ಮೇಲೆ ಇದ್ದುದು ಗೊತ್ತಾಯಿತು.

ಪರಿಹಾರವೇನು? ಹಣದ ಲೆಕ್ಕದಲ್ಲಿ ನಮ್ಮ ಹಿರಿಯರು ರೂಪಾಯಿಯನ್ನು ಆಣೆ ಪೈಗಳಿಗೆ ಇಳಿಸಿ ಎಣಿಸಿದಂತೆ, ಯಂತ್ರವೂ ಎಲ್ಲವನ್ನೂ ಪೈಸೆಗಳಾಗಿ ಮಾಡಿಕೊಂಡು ಪೂರ್ಣಾಂಕಗಳಲ್ಲಿ ಎಣಿಸತಕ್ಕದ್ದು. ೧೦ ಪೈಸೆಗೆ ೨೦ ಪೈಸೆ ಕೂಡಿದರೆ ೩೦ ಪೈಸೆ. ಅಲ್ಲಿ ಯಾವ ಬಾಲವೂ ಇಲ್ಲ. ಜಾವಾಸ್ಕ್ರಿಪ್ಟ್ ೯,೦೦,೭೧,೯೯,೨೫,೪೭,೪೦,೯೯೧ರವರೆಗಿನ ಪೂರ್ಣಾಂಕಗಳನ್ನು ದೋಷವಿಲ್ಲದೆ ಇಟ್ಟುಕೊಳ್ಳಬಲ್ಲುದು. ಯಾವ ಸಂಸಾರದ ಪೈಸೆಗಳಿಗೂ ಇದು ಸಾಕು. ಬಡ್ಡಿಯ ಲೆಕ್ಕದಲ್ಲಿ ಪೈಸೆಯ ತುಂಡು ಬಂದರೆ ಅದನ್ನು ಎಲ್ಲಿ, ಯಾವ ನಿಯಮದಿಂದ ಸಮೀಪದ ಪೈಸೆಗೆ ತರಬೇಕೆಂಬುದನ್ನು ಮೊದಲೇ ನಿಶ್ಚಯಿಸಬೇಕು. ಹೆಜ್ಜೆಹೆಜ್ಜೆಗೂ ಕತ್ತರಿಸುತ್ತ ಹೋದರೆ ವ್ಯಾಂಕೂವರಿನ ಗತಿಯೇ ಆಗುವದು.

೭. ಚೌಕದ ಮೇಲಿನ ಹೆಸರು

ಇಲ್ಲಿಯವರೆಗೆ ಯಂತ್ರದ ಒಳಗಿನ ಮಾತಾಯಿತು. ಈಗ ಅದನ್ನು ಬಳಸುವ ಜನರ ಕಡೆಗೆ ನೋಡೋಣ. ಅಂತರ್ಜಾಲದಲ್ಲಿ ಜನರು ಬಹಳವಾಗಿ ಹುಡುಕುವ ಕ್ಯಾಲ್ಕುಲೇಟರುಗಳಲ್ಲಿ ಸಾಲದ ಕಂತಿನದೂ ಒಂದು. ಬಚತ್ ಗಟದ ತಾಯಂದಿರು, ಟ್ರ್ಯಾಕ್ಟರ್ ಕೊಳ್ಳುವ ರೈತರು, ಮನೆ ಕಟ್ಟಿಸುವ ನೌಕರರು ಎಲ್ಲರಿಗೂ ಇದರ ಗರಜು ಇದೆ.

೧೨,೦೦೦ ರೂಪಾಯಿಗಳ ಸಾಲವನ್ನು ವರ್ಷಕ್ಕೆ ನೂರಕ್ಕೆ ೧೨ರ ದರದಿಂದ ಹನ್ನೆರಡು ಸಮನಾದ ಮಾಸಿಕ ಕಂತುಗಳಲ್ಲಿ ತೀರಿಸಬೇಕಾಗಿದೆ ಎನ್ನಿರಿ. ಮೊದಲು ಕೊಟ್ಟ ಇಡೀ ಮುದ್ದಲಿನ ಮೇಲೆ ವರ್ಷವೆಲ್ಲ ಬಡ್ಡಿ ಹಿಡಿದರೆ ಬಡ್ಡಿ ೧,೪೪೦ ರೂಪಾಯಿ. ತಿಂಗಳ ಕಂತು ೧,೧೨೦. ಪ್ರತಿ ತಿಂಗಳು ತೀರಿ ಉಳಿದ ಮುದ್ದಲಿನ ಮೇಲೆ ಮಾತ್ರ ನೂರಕ್ಕೆ ೧ರಂತೆ ಹಿಡಿದರೆ ತಿಂಗಳ ಕಂತು ಸುಮಾರು ೧,೦೬೬ ರೂಪಾಯಿ ೧೯ ಪೈಸೆ. ಒಟ್ಟು ಬಡ್ಡಿ ಸುಮಾರು ೭೯೪ ರೂಪಾಯಿ ಮಾತ್ರ. 'ನೂರಕ್ಕೆ ಹನ್ನೆರಡು' ಎಂಬ ಮಾತು ಎರಡರಲ್ಲಿಯೂ ಒಂದೇ. ಆದರೆ ಬಡ್ಡಿಯಲ್ಲಿ ೬೪೬ ರೂಪಾಯಿಗಳ ಅಂತರ! ಎರಡು ಕ್ಯಾಲ್ಕುಲೇಟರುಗಳೂ ತಮ್ಮ ತಮ್ಮ ನಿಯಮದಂತೆ ಸರಿಯಾಗಿಯೇ ಗುಣಿಸಿವೆ. ತಾನು ಯಾವ ನಿಯಮವನ್ನು ಬಳಸಿರುವೆನೆಂದು ಹೇಳದಿದ್ದ ರಚನಕಾರನಲ್ಲಿ ತಪ್ಪಿದೆ.

ಇನ್ನೊಂದು ನಿದರ್ಶನ. ನಮ್ಮ ಹಳ್ಳಿಗಳಲ್ಲಿ 'ನೂರಕ್ಕೆ ಎರಡು ರೂಪಾಯಿ ಬಡ್ಡಿ' ಎಂದರೆ ತಿಂಗಳಿಗೆ ಎರಡು ಎಂದು ಅರ್ಥ. ೧೨,೦೦೦ ರೂಪಾಯಿಗೆ ಎಂಟು ತಿಂಗಳ ಸರಳ ಬಡ್ಡಿ ೧,೯೨೦ ರೂಪಾಯಿ. ಆದರೆ 'ದರ' ಎಂದಷ್ಟೇ ಬರೆದ ಚೌಕದಲ್ಲಿ ೨ ಎಂದು ತುಂಬಿ, ಯಂತ್ರವು ಅದನ್ನು ವಾರ್ಷಿಕ ದರವೆಂದು ತಿಳಿದರೆ ೧೬೦ ರೂಪಾಯಿ ಎನ್ನುವದು. ಸಾಲ ಮಾಡುವವಳು ಆ ಸಂಖ್ಯೆಯನ್ನು ನಂಬಿ ಹೆಬ್ಬೆಟ್ಟು ಒತ್ತಿದರೆ ನಷ್ಟ ಯಾರದು? 'ವರ್ಷಕ್ಕೆ, ನೂರಕ್ಕೆ' ಎಂಬ ಎರಡು ಮಾತುಗಳನ್ನು ಚೌಕದ ಮೇಲೆ ಬರೆಯುವದು ಒಂದು ನಿಮಿಷದ ಕೆಲಸ. ಆದರೆ ಅದನ್ನು ಬರೆಯಬೇಕೆಂದು ತೋಚಬೇಕಾದರೆ ರಚನಕಾರನಿಗೆ ಗಣಿತವೂ ಗೊತ್ತಿರಬೇಕು, ಜನರ ಮಾತೂ ಗೊತ್ತಿರಬೇಕು.

೮. ನಮ್ಮ ಅಂಕೆಗಳು

ಜನರ ಮಾತು ಎಂದೊಡನೆ ಗಡಿನಾಡಿನ ಮಕ್ಕಳಾದ ನಮ್ಮ ವಿಷಯ ಬರುವದು. ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಕನ್ನಡ ಶಾಲೆಯ ಬಾಲಕನು ಮೂರು ಬಗೆಯ ಅಂಕೆಗಳ ನಡುವೆ ಬೆಳೆಯುತ್ತಾನೆ: ಕನ್ನಡದ ಪುಸ್ತಕದಲ್ಲಿ ಕನ್ನಡದ ಅಂಕೆ, ಮರಾಠಿಯ ಫಲಕದಲ್ಲಿ ದೇವನಾಗರಿಯ ಅಂಕೆ, ಮೊಬೈಲಿನಲ್ಲಿ ಇಂಗ್ಲಿಷಿನ ಅಂಕೆ. ಅವನ ಕಣ್ಣಿಗೆ ಮೂರೂ ಒಂದೇ. ಜಾವಾಸ್ಕ್ರಿಪ್ಟಿಗೆ ಹಾಗಲ್ಲ. ಬರಹವನ್ನು ಸಂಖ್ಯೆಯಾಗಿ ಮಾಡುವ ಅದರ ಸಾಮಾನ್ಯ ಆಜ್ಞೆಗೆ ಕನ್ನಡದ ೨೫ನ್ನು ಕೊಟ್ಟರೆ 'ಇದು ಸಂಖ್ಯೆಯಲ್ಲ' ಎಂದುಬಿಡುವದು!

ಇದನ್ನು ಸರಿಪಡಿಸುವದು ಕಠಿಣವಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಕ್ರಮಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ೧೯೯೧ರಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ಇಂಗ್ಲಿಷ್ ಸೊನ್ನೆಯ ಕ್ರಮಸಂಖ್ಯೆ ೪೮, ದೇವನಾಗರಿ ಸೊನ್ನೆಯದು ೨೪೦೬, ಕನ್ನಡ ಸೊನ್ನೆಯದು ೩೩೦೨. ಒಂದರಿಂದ ಒಂಬತ್ತರವರೆಗಿನ ಅಂಕೆಗಳು ಆಯಾ ಸೊನ್ನೆಯ ಬೆನ್ನಿಗೆ ಸಾಲಾಗಿ ನಿಂತಿವೆ. ಆದುದರಿಂದ ಕನ್ನಡದ ಏಳರ ಕ್ರಮಸಂಖ್ಯೆ ೩೩೦೯. ಅದರಿಂದ ೩೩೦೨ನ್ನು ಕಳೆದರೆ ೭. ದೇವನಾಗರಿಯ ಏಳರದು ೨೪೧೩. ಅದರಿಂದ ೨೪೦೬ನ್ನು ಕಳೆದರೂ ೭. ಒಂದೇ ಒಂದು ಕಳೆಯುವ ಲೆಕ್ಕದಿಂದ ಮೂರು ಲಿಪಿಗಳ ಅಂಕೆಗಳೂ ಒಂದೇ ಪಂಕ್ತಿಯಲ್ಲಿ ಬಂದು ಕೂಡುವವು. ಉತ್ತರವನ್ನು ತೋರಿಸುವಾಗ ಇದೇ ಲೆಕ್ಕವನ್ನು ತಿರುಗಿಸಿದರಾಯಿತು. ಅಲ್ಪವಿರಾಮ ಹಾಕುವಾಗಲೂ ಪಾಶ್ಚಾತ್ಯರಂತೆ ಮೂರು ಮೂರು ಸ್ಥಾನಗಳಿಗಲ್ಲದೆ, ೧೨,೩೪,೫೬೭ ಎಂದು ಸಾವಿರ, ಲಕ್ಷ, ಕೋಟಿಗಳ ನಮ್ಮ ಕ್ರಮದಿಂದ ಹಾಕಿಸಬಹುದು.

೧೨ನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ 'ವ್ಯವಹಾರಗಣಿತ'ವನ್ನು ಬರೆದು, ವ್ಯಾಪಾರ ವ್ಯವಹಾರದ ಲೆಕ್ಕಗಳನ್ನು ನಾಡಿನ ಮಾತಿನಲ್ಲಿ ಕಲಿಸಿದನು. ಅಜ್ಜಿಯು ತನ್ನ ಕನ್ನಡದ ಅಂಕೆಯಲ್ಲಿ ಬರೆದು, ತನಗೆ ತಿಳಿಯುವ ಮಾತಿನಲ್ಲಿ ಬಡ್ಡಿಯ ಉತ್ತರ ಪಡೆಯಬಹುದಾದ ಪುಟವೊಂದನ್ನು ನಮ್ಮ ಹತ್ತನೆಯ ಇಯತ್ತೆಯ ಹುಡುಗಿ ರಚಿಸಿದರೆ, ಅದು ಅದೇ ಪರಂಪರೆಯ ಮುಂದುವರಿಕೆ. ಅದಕ್ಕೆ ಬೇಕಾದುದು ಒಂದು ಸಾಧಾರಣ ಗಣಕ, ಒಂದು ಬ್ರೌಸರ್, ಕೆಲವು ವಾರಗಳ ಪರಿಶ್ರಮ, ಮತ್ತು ಗಟ್ಟಿಯಾದ ಅಂಕಗಣಿತ. ಮೊದಲ ಮೂರನ್ನು ಬೇರೆಯವರಿಂದ ಹಾಗೂ ಅಭ್ಯಾಸದಿಂದ ಪಡೆಯಬಹುದು. ನಾಲ್ಕನೆಯದನ್ನು ಶಾಲೆಯಲ್ಲಿಯೇ ಗಳಿಸಬೇಕು.

೯. ಉಪಸಂಹಾರ

ಮೊದಲಿನ ಪ್ರಶ್ನೆಗೆ ಉತ್ತರ ಈಗ ಸ್ಪಷ್ಟವಾಗಿದೆ. ಕ್ಯಾಲ್ಕುಲೇಟರ್ ಇರುವದರಿಂದ ಗಣಿತ ಬೇಡವಾಗುವದಿಲ್ಲ. ಯಾರೋ ಒಬ್ಬರು ಗಣಿತವನ್ನು ಚೆನ್ನಾಗಿ ಕಲಿತುದರಿಂದಲೇ ಕ್ಯಾಲ್ಕುಲೇಟರ್ ಇದೆ. ಕ್ರಿಯೆಗಳ ಕ್ರಮ, ಶೂನ್ಯದ ಸ್ವಭಾವ, ದಶಾಂಶದ ಮಿತಿ, ಬಡ್ಡಿಯ ನಿಯಮ ಇವು ಯಂತ್ರದೊಳಗೆ ತಾವಾಗಿ ಹುಟ್ಟಿದವಲ್ಲ. ಗುಂಡಿಯನ್ನು ಒತ್ತಲು ಮಾತ್ರ ಕಲಿತವನು ಆ ಯಾರೋ ಒಬ್ಬರು ನಿಶ್ಚಯಿಸಿದುದನ್ನು ಕಣ್ಣು ಮುಚ್ಚಿ ಒಪ್ಪಬೇಕಾಗುವದು. ಲೆಕ್ಕವನ್ನು ಬಲ್ಲವನು ಉತ್ತರವನ್ನು ಮನಸ್ಸಿನಲ್ಲಿಯೇ ಅಂದಾಜು ಮಾಡಿ ತಾಳೆ ನೋಡಬಲ್ಲನು. ಸಂಶಯ ಬಂದರೆ ಯಂತ್ರವನ್ನು ಪ್ರಶ್ನಿಸಬಲ್ಲನು. ಮನಸ್ಸು ಮಾಡಿದರೆ ಅದಕ್ಕಿಂತ ಒಳ್ಳೆಯದನ್ನು ರಚಿಸಬಲ್ಲನು. ಈ ಎರಡನೆಯ ಗುಂಪಿನಲ್ಲಿ ನಮ್ಮ ಕನ್ನಡ ಶಾಲೆಗಳ ಮಕ್ಕಳು ಹೆಚ್ಚು ಹೆಚ್ಚಾಗಿ ಕಾಣಬೇಕು.

ಅಭ್ಯಾಸಕ್ಕಾಗಿ

(೧) ೮ − ೨ × ೩ + ೧ ಎಂಬ ಲೆಕ್ಕದ ಡಬ್ಬಿಗಳನ್ನು ಶಂಟಿಂಗ್ ವಿಧಾನದಿಂದ ಸಾಲುಗೊಳಿಸಿ ಉತ್ತರ ಕಂಡುಹಿಡಿಯಿರಿ. ಬಂದದ್ದನ್ನು ಬಂದಂತೆ ಮಾಡುವ ಯಂತ್ರವು ಇದಕ್ಕೆ ಏನೆಂದು ಉತ್ತರಿಸುವದು?

(೨) ಕನ್ನಡದ ೯ರ ಯೂನಿಕೋಡ್ ಕ್ರಮಸಂಖ್ಯೆ ಯಾವದು? ದೇವನಾಗರಿಯ ಒಂಬತ್ತರದು ಯಾವದು?

(೩) ೧/೨, ೧/೪, ೧/೫ ಇವುಗಳಲ್ಲಿ ಎರಡರ ಗುಂಪಿನಲ್ಲಿ ಎಣಿಸುವ ಯಂತ್ರಕ್ಕೆ ಮುಗಿಯದ ಸಾಲಾಗುವದು ಯಾವದು? ಏಕೆ?

(೪) ನಿಮ್ಮ ಮನೆಯ ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ೨ + ೩ × ೪ ಮತ್ತು ೫ ÷ ೦ ಇವುಗಳನ್ನು ಒತ್ತಿ, ಅದರ ರಚನಕಾರನು ಯಾವ ನಿಯಮಗಳನ್ನು ಆರಿಸಿಕೊಂಡಿರುವನೆಂದು ಬರೆಯಿರಿ.

(೫) ೬,೦೦೦ ರೂಪಾಯಿಗೆ ತಿಂಗಳಿಗೆ ನೂರಕ್ಕೆ ೨ರಂತೆ ಹತ್ತು ತಿಂಗಳ ಸರಳ ಬಡ್ಡಿಯನ್ನು ಕಂಡುಹಿಡಿದು, ಅದನ್ನು ವಾರ್ಷಿಕ ದರವೆಂದು ತಪ್ಪಾಗಿ ತಿಳಿದ ಯಂತ್ರದ ಉತ್ತರದೊಡನೆ ಹೋಲಿಸಿರಿ.

ಉತ್ತರಗಳು: (೧) ಸಾಲು ೮ ೨ ೩ × − ೧ +, ಉತ್ತರ ೩, ಇನ್ನೊಂದು ಯಂತ್ರದ ಉತ್ತರ ೧೯. (೨) ೩೩೧೧, ೨೪೧೫. (೩) ೧/೫, ೫ ಎಂಬುದು ಎರಡರ ಗುಣಾಕಾರಗಳಿಂದ ಮಾತ್ರ ಆದ ಸಂಖ್ಯೆಯಲ್ಲ. (೫) ೧,೨೦೦ ರೂಪಾಯಿ. ತಪ್ಪಾದ ಉತ್ತರ ೧೦೦ ರೂಪಾಯಿ. ನಾಲ್ಕನೆಯದರ ಉತ್ತರವನ್ನು ನೀವೇ ಕಂಡುಕೊಳ್ಳಬೇಕು.